ರಫು ಮಾಡಿದ ಗೋಡೆ

ಆ ಗೋದಾಮಿನ ಹಿಂದಿನ ಗೋಡೆಯೊಳಗೆ ಮರಳು ಉದುರುವ ಸದ್ದು ನನಗೆ ಮೊದಲು ಕೇಳಿಸಿದ್ದು ಒಂದು ಬೆಳಿಗ್ಗೆ, ಅತ್ತಿಗೆಯ ಮಂಚದ ಪಕ್ಕ ಕೂತು ಚಹಾ ಕುಡಿಯುತ್ತಿದ್ದಾಗ. ಇಲಿ ಇರಬಹುದು ಅಂದುಕೊಂಡೆ. ಲೋಟ ಕೆಳಗಿಟ್ಟು ಗೋಡೆಗೆ ಕಿವಿ ಹಚ್ಚಿದೆ. ಇಲಿ ಕೆರೆದು ನಿಲ್ಲಿಸುತ್ತದೆ, ಮತ್ತೆ ಕೆರೆಯುತ್ತದೆ. ಇದು ನಿಲ್ಲುತ್ತಿರಲಿಲ್ಲ. ಜರಡಿಯಿಂದ ಸಣ್ಣ ಮರಳು ಇಳಿದ ಹಾಗೆ, ಬಹಳ ತಾಳ್ಮೆಯಿಂದ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು.

“ಏನಯ್ಯ, ಗೋಡೆ ಗುಟ್ಟು ಹೇಳ್ತಿದೆಯಾ?” ಅತ್ತಿಗೆ ಸೂಜಿಯಿಂದ ಕಣ್ಣೆತ್ತದೆ ಕೇಳಿದರು.

“ಏನಿಲ್ಲ ಅತ್ತಿಗೆ. ಬೆನ್ನಿಗೆ ತಂಪಾಗ್ಲಿ ಅಂತ ಒರಗಿದೆ.”

“ಬೆನ್ನು ಯಾವಾಗ ಕಿವಿ ಹತ್ರ ಬಂತು ನಿಂಗೆ?”

ನಾನು ನಕ್ಕೆ. ಆದರೆ ಚಹಾ ಲೋಟದಲ್ಲೇ ಆರಿತು.

ನಾವು ನಲವತ್ತೊಂದು ಮನೆಯವರು ಆ ಗೋದಾಮಿನಲ್ಲಿದ್ದೆವು. ಗುಡ್ಡ ಜಾರಿ ನಮ್ಮ ಬೀದಿಯನ್ನು ಕಣಿವೆಗೆ ತಳ್ಳಿದ ಮೇಲೆ ನಮ್ಮನ್ನು ತಂದು ಅಲ್ಲಿ ಇಳಿಸಿದ್ದರು. ಹಿಂದೆ ಅಲ್ಲಿ ನೂಲಿನ ಮೂಟೆ ಇಡುತ್ತಿದ್ದರಂತೆ. ಉದ್ದನೆಯ ಇಟ್ಟಿಗೆ ಕಟ್ಟಡ, ತಗಡಿನ ಮಾಡು, ಎರಡು ತುದಿಗೆ ಎರಡು ದೊಡ್ಡ ಬಾಗಿಲು. ಹಗ್ಗ ಕಟ್ಟಿ, ಅದಕ್ಕೆ ಹೊದಿಕೆ ಇಳಿಬಿಟ್ಟು ಮನೆ ಮನೆ ಬೇರೆ ಮಾಡಿಕೊಂಡಿದ್ದೆವು. ಆರು ತಿಂಗಳಾದರೂ ಯಾರೂ ಚಪ್ಪಲಿ ಬಿಚ್ಚಿ ಮಲಗುತ್ತಿರಲಿಲ್ಲ. ಹೊರಗೆ ಲಾರಿ ಸದ್ದಾದರೆ ಎಲ್ಲರೂ ಒಟ್ಟಿಗೆ ಮಾತು ನಿಲ್ಲಿಸುತ್ತಿದ್ದರು. ಅದು ಲಾರಿಯೇ ಎಂದು ಖಾತ್ರಿಯಾದ ಮೇಲೆ, ಎಲ್ಲಿ ನಿಲ್ಲಿಸಿದ್ದರೋ ಅದೇ ಪದದಿಂದ ಮುಂದುವರಿಸುತ್ತಿದ್ದರು.

ಅತ್ತಿಗೆ ನನ್ನ ಅಣ್ಣನ ಹೆಂಡತಿ. ಬಟ್ಟೆ ರಫು ಮಾಡುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಕಡೆ ಇರಲಿಲ್ಲ. ಹರಿದ ಕೋಟಿನಲ್ಲಿ ಎಳೆಗೆ ಎಳೆ ಕೂಡಿಸಿ, ಹರಿದದ್ದು ಎಲ್ಲಿ ಎಂದು ಹರಿದುಕೊಂಡವನೇ ಹುಡುಕಬೇಕು, ಹಾಗೆ ಮಾಡಿಕೊಡುತ್ತಿದ್ದರು. ಗುಡ್ಡ ಜಾರಿದ ದಿನ ಅವರ ಎಡಗಾಲು ಮಣ್ಣಲ್ಲಿ ಸಿಕ್ಕಿಕೊಂಡು ಕುಂಟಾಗಿತ್ತು. ಹಿಂದಿನ ಗೋಡೆಯಲ್ಲಿ ಇದ್ದದ್ದು ಒಂದೇ ಕಿಟಕಿ, ಅದೂ ಎತ್ತರದಲ್ಲಿ. ಬೆಳಕಿಗಾಗಿ ಅದರ ಕೆಳಗೇ ಮಂಚ ಹಾಕಿಸಿಕೊಂಡಿದ್ದರು. ಅವರ ಪಕ್ಕಕ್ಕೆ ಸಾಲಾಗಿ ಇನ್ನೂ ಆರು ಮಂಚ ಗೋಡೆಗೆ ತಾಗಿಕೊಂಡಿದ್ದವು.

ಬಿರುಕು ಇದ್ದದ್ದು ಆ ಕಿಟಕಿಯ ಮೂಲೆಯಿಂದ. ಇಟ್ಟಿಗೆಯ ಸಂದಿನಲ್ಲೇ ಅಡ್ಡ, ಕೆಳಗೆ, ಮತ್ತೆ ಅಡ್ಡ, ಮತ್ತೆ ಕೆಳಗೆ ಎಂದು ಮೆಟ್ಟಿಲಿಳಿದು ಅತ್ತಿಗೆಯ ದಿಂಬಿನ ಹಿಂದೆ ನೆಲ ಮುಟ್ಟಿತ್ತು. ನಾನು ಐವತ್ತು ವರ್ಷ ಗಾರೆ ಕೆಲಸ ಮಾಡಿದವನು. ಗಿಲಾವಿನ ಮೇಲೆ ಕೂದಲಿನ ಹಾಗೆ ಹರಡಿದ ಬಿರುಕಿಗೆ ನಾನು ಹೆದರುವುದಿಲ್ಲ. ಮೆಟ್ಟಿಲಿಳಿಯುವ ಬಿರುಕಿಗೆ ಹೆದರುತ್ತೇನೆ. ಅದು ಪಾಯ ಕುಸಿಯುತ್ತಿರುವ ಗುರುತು. ನಮಗಾಗಿ ಗೋಡೆಯ ಆಚೆ ಬದಿಗೆ ಎಂಟು ಬಚ್ಚಲು ಕಟ್ಟಿಸಿಕೊಟ್ಟಿದ್ದರು. ನಾವು ಮೈ ತೊಳೆದ ನೀರೆಲ್ಲ ಆರು ತಿಂಗಳಿಂದ ಆ ಗೋಡೆಯ ಬುಡಕ್ಕೇ ಇಂಗುತ್ತಿತ್ತು.

ಶಿಬಿರ ನೋಡಿಕೊಳ್ಳುವ ಸಾಹೇಬರಿಗೆ ಹೇಳಿದೆ. ಒಳ್ಳೆಯ ಮನುಷ್ಯ, ಊಟ ತಡವಾದರೆ ಅವರೇ ಹಂಡೆ ಹೊರುತ್ತಿದ್ದರು. “ಹಳೇ ಕಟ್ಟಡ ಅಂದ್ಮೇಲೆ ಬಿರುಕು ಇರುತ್ತೆ ಅಜ್ಜ. ನನ್ನ ಮುಖ ನೋಡಿ, ಎಷ್ಟಿವೆ” ಎಂದರು. ನಾನು ಮತ್ತೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದಕ್ಕೆ ಹಳೆಯದೊಂದು ಕತೆ ಇದೆ.

ನನಗೆ ಇಪ್ಪತ್ತನಾಲ್ಕು ವರ್ಷವಿದ್ದಾಗ ಒಂದು ಸಿನಿಮಾ ಟಾಕೀಸಿನ ಗಿಲಾವು ರಿಪೇರಿಗೆ ಹೋಗಿದ್ದೆ. ತೊಲೆಯ ಕೆಳಗೆ ಬಿರುಕು ಕಂಡಿತು. ಆಟ ನಡೆಯುತ್ತಿದ್ದಾಗಲೇ ಓಡಿ ಹೋಗಿ ಮಾಡು ಬೀಳ್ತದೆ ಎಂದು ಕೂಗಿ ನಾನೂರು ಜನರನ್ನು ಹೊರಗೆ ಹಾಕಿಸಿದೆ. ಮಧ್ಯಾಹ್ನವೆಲ್ಲ ಅವರು ಬಿಸಿಲಲ್ಲಿ ನಿಂತು ಮಾಡು ಬೀಳುವುದನ್ನೇ ಕಾದರು. ಬೀಳಲಿಲ್ಲ. ಆ ಟಾಕೀಸು ಇನ್ನೂ ಮೂವತ್ತು ವರ್ಷ ನಿಂತಿತ್ತು. ಅವತ್ತಿನಿಂದ ನನ್ನ ಹೆಸರು ಬಿರುಕಪ್ಪ. ಕೂದಲು ಬೆಳ್ಳಗಾದ ಮೇಲೆ ಬಿರುಕಜ್ಜ.

ಆದ್ದರಿಂದ ಗುಡ್ಡದಲ್ಲಿ, ನಮ್ಮ ಬೀದಿಯ ತುದಿಯ ನೀರಿನ ತೊಟ್ಟಿ ಸೀಳಿದ್ದನ್ನು ಕಂಡಾಗ, ನೆಲವೂ ಅದರ ಜೊತೆಗೇ ಅಂಗೈ ಅಗಲ ಬಾಯಿ ಬಿಟ್ಟದ್ದನ್ನು ಕಂಡಾಗ, ನಾನು ಅಣ್ಣನೊಬ್ಬನಿಗೇ ಹೇಳಿದೆ. “ಸುಮ್ನಿರೋ. ಮತ್ತೆ ಸಿನಿಮಾ ಬಿಡಿಸ್ತೀಯಾ?” ಎಂದು ಅಣ್ಣ ನಕ್ಕ. ಮೂರು ದಿನ ದಿನಾ ಹೋಗಿ ನೋಡಿ ಬಂದೆ, ಬೇರೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಗುಡ್ಡ ಬಂತು. ನೂರ ಎಪ್ಪತ್ನಾಲ್ಕು ಜನ ಇದ್ದೆವು. ಸಂಜೆ ರಸ್ತೆಯ ಮೇಲೆ ನಿಲ್ಲಿಸಿ ಎಣಿಸಿದರು. ನೂರ ಅರವತ್ಮೂರಕ್ಕೆ ನಿಂತಿತು. ಮತ್ತೆ ಎಣಿಸಿದರು. ನೂರ ಅರವತ್ಮೂರು. ಅಣ್ಣ ಸಿಕ್ಕಿದ್ದು ಐದು ದಿನದ ನಂತರ.

ಇದನ್ನು ಅತ್ತಿಗೆಗೆ ನಾನು ಹೇಳಿರಲಿಲ್ಲ.

ಚಿತ್ರ ಬರೆಸುವ ಕಲಾವಿದೆ, ನಮ್ಮ ಬಾಯಲ್ಲಿ ಚಿತ್ರದವರು, ಬಂದದ್ದು ಆ ಮರಳಿನ ಸದ್ದು ಕೇಳಿದ ವಾರವೇ. ನಲವತ್ತರ ಆಸುಪಾಸಿನ ಹೆಂಗಸು, ಚಪ್ಪಲಿಯ ಪಟ್ಟಿಯ ಮೇಲೆಲ್ಲ ಬಣ್ಣದ ಕಲೆ. ಮನೆ ಕಳೆದುಕೊಂಡವರ ಜೊತೆ ಕೂತು ಚಿತ್ರ ಮಾಡುವುದೇ ಅವರ ಕೆಲಸ. ನಮಗಿಂತ ಮುಂಚೆ ಇನ್ನೆರಡು ಶಿಬಿರದಲ್ಲಿ ಮಾಡಿ ಬಂದಿದ್ದರು. ನಮ್ಮವರಿಗೆ ಅಷ್ಟು ಹೊತ್ತಿಗೆ ಇಂಥವರು ಸಾಕಾಗಿ ಹೋಗಿದ್ದರು.

“ಮೊದ್ಲು ಬಂದವರು ಹಾಡಿಸಿದ್ರು, ಆಮೇಲೆ ಬಂದವರು ಕುಣಿಸಿದ್ರು” ಎಂದ ನಮ್ಮ ಲಾರಿ ಡ್ರೈವರ. ಲಾರಿ ಮಣ್ಣಡಿ ಹೋದರೂ ಹೆಸರು ಮಾತ್ರ ಉಳಿದುಕೊಂಡಿತ್ತು. “ಇವರು ಬರೆಸ್ತಾರಂತೆ. ಮುಂದಿನವರು ಬಂದು ಪರೀಕ್ಷೆ ಇಡ್ತಾರೆ, ಓದ್ಕೊಂಡಿರಿ.”

ಚಿತ್ರದವರೂ ನಕ್ಕರು. “ನಿಮ್ಮನ್ನ ಫೇಲ್ ಮಾಡಲ್ಲ ಬಿಡಿ” ಎಂದರು.

ಸಾಹೇಬರಿಗೆ ಹಿಂದಿನ ಗೋಡೆಯ ತುಂಬ ಚಿತ್ರ ಬೇಕಿತ್ತು. ಎರಡು ವಾರ ಬಿಟ್ಟು ಶನಿವಾರ ಮೇಲಿನವರು ಶಿಬಿರ ನೋಡಲು ಬರುವವರಿದ್ದರು. ಎಲ್ಲರ ಅಂಗೈ ಬಣ್ಣದಲ್ಲಿ ಅದ್ದಿ ಒತ್ತಿಸಿ, ಮೇಲಿಂದ ಕೆಳಗೆ ಬಣ್ಣ ಬಳಿದರೆ ಬಿರುಕೂ ಮುಚ್ಚುತ್ತದೆ, ಚಂದವೂ ಕಾಣುತ್ತದೆ ಎಂದು ಅವರು ಹೇಳುವುದು ನನಗೆ ಕೇಳಿಸಿತು. ಬಿರುಕು ಕಂಡರೆ ಹೆದರಿಕೆ. ಕಾಣದಿದ್ದರೆ ಇನ್ನೂ ಹೆದರಿಕೆ.

ಚಿತ್ರದವರ ಬಳಿ ಮುಖವಾಡ ಮಾಡಲು ತಂದ ಬಿಳಿ ಪ್ಲಾಸ್ಟರ್ ಪುಡಿಯ ಚೀಲವಿತ್ತು. ಮಧ್ಯಾಹ್ನ ಯಾರೂ ಇಲ್ಲದಾಗ, ಕೇಳದೆಯೇ, ಒಂದು ಹಿಡಿ ತೆಗೆದೆ. ನೀರು ಕಲಸಿ, ಅತ್ತಿಗೆಯ ದಿಂಬಿನ ಹಿಂದೆ ಬಿರುಕಿಗೆ ಅಡ್ಡವಾಗಿ ಒಂದು ಬಿಲ್ಲೆ ಹಚ್ಚಿದೆ. ಅರ್ಧ ಈ ಕಡೆ, ಅರ್ಧ ಆ ಕಡೆ. ತಿರುಗಿದರೆ ಚಿತ್ರದವರು ನಿಂತಿದ್ದರು.

“ಅದೇನಜ್ಜ?”

ಕದ್ದವನ ಹಾಗೆ ನಿಂತೆ. ಆಮೇಲೆ ಹೇಳಿದೆ. “ನನ್ನ ಮೇಸ್ತ್ರಿ ಇದನ್ನ ಸಾಕ್ಷಿ ಅಂತಿದ್ರಮ್ಮ. ಗೋಡೆ ಅಲ್ಲಾಡ್ತಿದೆಯೋ ಇಲ್ವೋ ಕಣ್ಣಿಗೆ ಗೊತ್ತಾಗಲ್ಲ. ತೆಳ್ಳಗೆ ಹೀಗೆ ಹಚ್ಚಿಟ್ರೆ, ಗೋಡೆ ಕೂದಲಷ್ಟು ಸರಿದ್ರೂ ಇದು ಒಡೆಯುತ್ತೆ. ಒಡೀಲಿಲ್ಲ ಅಂದ್ರೆ ಬಿರುಕು ಹಳೇದು, ನಿದ್ದೆ ಮಾಡಬಹುದು.”

“ಒಡೆದ್ರೆ?”

“ಒಡೆದ್ರೆ ಇಲ್ಲಿ ಯಾರೂ ಮಲಗಬಾರದು.”

ಅವರು ಬಹಳ ಹೊತ್ತು ಬಿರುಕನ್ನೇ ನೋಡಿದರು. ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಮೆಟ್ಟಿಲು. “ನಿಮ್ಮ ಬೀದಿ ಹೇಗಿತ್ತಜ್ಜ? ನೇರಕ್ಕಿತ್ತಾ?”

“ಗುಡ್ಡದ ಬೀದಿ ನೇರಕ್ಕೆ ಹೇಗಿರುತ್ತಮ್ಮ? ಮೆಟ್ಟಿಲು ಮೆಟ್ಟಿಲೇ” ಎಂದೆ. ಎಂದ ಮೇಲೆ ನನಗೂ ಕಂಡಿತು.

ಅವರು ಬಣ್ಣದ ಡಬ್ಬಿಗಳನ್ನು ಬದಿಗಿಟ್ಟರು. ಬಿರುಕೇ ಬೀದಿ, ಅದರ ಉದ್ದಕ್ಕೂ, ಯಾರ ಮನೆ ಎಲ್ಲಿತ್ತೋ ಅದೇ ಕ್ರಮದಲ್ಲಿ, ನಲವತ್ತೊಂದು ಮನೆಯವರದ್ದು ನಲವತ್ತೊಂದು ಬಿಲ್ಲೆ ಹಚ್ಚೋಣ ಎಂದರು. ಬಿರುಕಿನ ಈಚೆ ಅರ್ಧ, ಆಚೆ ಅರ್ಧ. ಬಿಲ್ಲೆಯ ಮೇಲೆ ಮನೆಯ ಚಿತ್ರ ಬೇಡ. ಮನೆಯಲ್ಲಿ ಬಿಟ್ಟು ಬಂದ ಒಂದು ವಸ್ತು. ಸಾಹೇಬರಿಗೆ ಇದು ಚಿತ್ರ ಎಂದರು. ನಮಗೆ ಇದು ಕಾವಲು ಎಂದರು. ಎರಡೂ ನಿಜವೇ ಆಗಿತ್ತು.

ಬಣ್ಣ ಉಳಿಯಲೆಂದು ಪ್ಲಾಸ್ಟರಿಗೆ ಅಂಟು ಸೇರಿಸಲು ಹೊರಟಾಗ ನಾನು ಬಿಡಲಿಲ್ಲ. “ಗಟ್ಟಿ ಮಾಡಿದ್ರೆ ಇದು ಸುಳ್ಳು ಹೇಳುತ್ತೆ. ಹಪ್ಪಳದ ಹಾಗಿರ್ಬೇಕು.” ಅವರು ಒಪ್ಪಿದರು. ಪ್ಲಾಸ್ಟರು ಹಸಿಯಿದ್ದಾಗಲೇ ಬಣ್ಣ ಕುಡಿಸಿದರು. ಶನಿವಾರ, ಭಾನುವಾರ ಎರಡು ದಿನ ಗೋದಾಮಿನಲ್ಲಿ ಲಾರಿ ಸದ್ದಿಗೂ ಯಾರೂ ಮಾತು ನಿಲ್ಲಿಸಲಿಲ್ಲ. ಡ್ರೈವರ ತನ್ನ ಸ್ಟೇರಿಂಗ್ ಬರೆದ. ಅದನ್ನು ನೋಡಿ ಚಪಾತಿ ಚೆನ್ನಾಗಿದೆ ಎಂದು ಅತ್ತಿಗೆ ಹೊಗಳಿದರು. ಬಾಣಂತಿ ಎಂದೇ ಎಲ್ಲರೂ ಕರೆಯುತ್ತಿದ್ದ ಒಬ್ಬಳು ಹುಡುಗಿ ತೊಟ್ಟಿಲು ತೂಗುಹಾಕುವ ಕೊಂಡಿ ಬರೆದಳು, ಬರೀ ಕೊಂಡಿ. ಗುಡ್ಡ ಬಂದ ದಿನ ಅದರಲ್ಲಿ ತೊಟ್ಟಿಲಿತ್ತು. ಈಗ ಅವಳ ಮಡಿಲು ಖಾಲಿಯಾಗಿದ್ದರೂ ಯಾರೂ ಆ ಹೆಸರು ಬಿಟ್ಟಿರಲಿಲ್ಲ. ಅತ್ತಿಗೆ ನೀಲಿ ಬಣ್ಣದಲ್ಲಿ ಅಣ್ಣನ ಕೋಟಿನ ಮೊಣಕೈ ಬರೆದರು, ರಫು ಮಾಡಿದ ಜಾಗ.

“ಮುಖ ಬರೀಬಹುದಿತ್ತಲ್ಲ ಅತ್ತಿಗೆ.”

“ಮುಖ ನಂಗೆ ನೆನಪಿದೆ. ಮೊಣಕೈ ಮರೆತುಹೋಗ್ತಿತ್ತು.”

ಆಮೇಲೆ ನಾನು ಕಾಯತೊಡಗಿದೆ. ದಿನಾ ಬೆಳಿಗ್ಗೆ ಕಿಟಕಿಯ ಓರೆ ಬೆಳಕಿನಲ್ಲಿ ಕೆಳಗಿನಿಂದ ಮೇಲಿನ ತನಕ ಬಿಲ್ಲೆಗಳನ್ನು ನೋಡುವುದು. ನನ್ನ ಕಣ್ಣಲ್ಲಿ ಪೊರೆ ಬಂದಿದೆ. ಆದರೆ ಬಿಳಿಯ ಮೇಲೆ ಕಪ್ಪು ಗೆರೆ ಬಿದ್ದರೆ ಕಾಣದಷ್ಟಲ್ಲ. ಸೋಮವಾರ ಎಲ್ಲ ಗಟ್ಟಿ. ಮಂಗಳವಾರ ಗಟ್ಟಿ. ಬುಧವಾರ, ಗುರುವಾರ ಗಟ್ಟಿ.

ಆದರೆ ಬೇರೆ ಏನೇನೋ ನಡೆಯುತ್ತಿತ್ತು. ಹಿಂದಿನ ಗೋಡೆಯ ಕಡೆಯ ಬಾಗಿಲು ನೆಲಕ್ಕೆ ಉಜ್ಜಲು ಶುರುವಾಯಿತು. ಎಣ್ಣೆ ಹಾಕಿದರು, ಉಜ್ಜುವ ಬಾಗಿಲಿಗೆ ಎಣ್ಣೆ ಏನು ಮಾಡೀತು. ಕಿಟಕಿಯ ಚೌಕಟ್ಟು ಬಿಗಿದುಕೊಂಡಿತು. ಅತ್ತಿಗೆಯ ದಾರದ ಉಂಡೆ ಮಂಚದಿಂದ ಬಿದ್ದರೆ ಗೋಡೆಯ ಕಡೆಗೇ ಉರುಳುತ್ತಿತ್ತು. ಮರಳಿನ ಸದ್ದು ನಿಂತಿರಲಿಲ್ಲ. ನಾನು ಕಿವಿಯನ್ನು ನಂಬಲೋ, ಸಾಕ್ಷಿಯನ್ನೋ? ನನ್ನ ಮೇಸ್ತ್ರಿ ಸಾಯುವ ತನಕ ಹೇಳಿದ್ದು ಒಂದೇ: ಮನುಷ್ಯನ ಕಿವಿಗೆ ಭಯ ತುಂಬಿರುತ್ತದೆ, ಪ್ಲಾಸ್ಟರಿಗೆ ಭಯ ಇರುವುದಿಲ್ಲ, ಅದನ್ನು ನಂಬು. ಹಾಗಾದರೆ ಇದು ನನ್ನ ಭಯವೇ ಇರಬೇಕು. ಬಿರುಕಜ್ಜನ ಹುಚ್ಚು ಇರಬೇಕು. ಹಾಗಂದುಕೊಂಡು ಬಾಯಿ ಮುಚ್ಚಿಕೊಂಡೆ. ಎರಡನೆಯ ವಾರವೂ ಎಲ್ಲ ಗಟ್ಟಿ.

ಶನಿವಾರ ಹನ್ನೊಂದಕ್ಕೆ ಮೇಲಿನವರು ಬರುವುದಿತ್ತು. ಶುಕ್ರವಾರ ಹತ್ತು ಗಂಟೆಯ ಸುಮಾರಿಗೆ ಚಿತ್ರದವರು ಸಾಮಾನು ಕಟ್ಟುತ್ತಾ, “ಅಜ್ಜ, ನಿಮ್ಮ ಅತ್ತಿಗೆಗೆ ಇನ್ನೂ ಪುಡಿ ಬೇಕಂತಾ ಕೇಳಿ. ಚೀಲ ಕಟ್ಟಿಬಿಡ್ತೀನಿ” ಎಂದರು.

“ಅವರಿಗೆ ಯಾಕಮ್ಮ ಪುಡಿ?”

“ದಿನಾ ಒಂದು ಚಮಚ ಇಸ್ಕೊಂಡು ಹೋಗ್ತಾರಲ್ಲ. ಒಂಚೂರು ಬಣ್ಣ, ಒಂಚೂರು ಗೋಂದು. ಹೊಸದೇನೋ ಮಾಡ್ತಿದ್ದಾರೆ ಅಂದ್ಕೊಂಡೆ.”

ನಡೆದು ಹೋಗಿ ಅತ್ತಿಗೆಯ ಮುಂದೆ ಕೂತೆ. ಅವರು ಯಾರದೋ ಕಾಲರು ಹಿಡಿದುಕೊಂಡಿದ್ದರು.

“ಅತ್ತಿಗೆ, ಪುಡಿ ಏನು ಮಾಡಿದ್ರಿ?”

ಅವರು ದಾರ ಕಚ್ಚಿ ಕತ್ತರಿಸಿದರು. ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು. “ನಿಂಗೂ ಗೊತ್ತಾಗ್ಲಿಲ್ಲ ಅಲ್ವಾ? ನನ್ನ ಕೈ ಇನ್ನೂ ಹೋಗಿಲ್ಲ ಹಾಗಾದ್ರೆ.”

“ಎಷ್ಟು ಒಡೆದಿತ್ತು?”

“ಮೊದ್ಲು ಒಡೆದದ್ದು ನೀನು ಹಚ್ಚಿದ್ದು. ಆಮೇಲೆ ಆ ಹುಡುಗೀದು, ತೊಟ್ಟಿಲ ಕೊಂಡಿ. ನಡುವೆ ಸೀಳಿತ್ತು ಕಣಯ್ಯ. ಅವಳು ನೋಡಿದ್ರೆ? ಒಂದ್ಸಲ ಹೋದದ್ದು ಸಾಲ್ದಾ? ನೀನು ಊಟ ಆದ್ಮೇಲೂ ಬೆಳಗಿನ ಜಾವವೂ ಗೊರಕೆ ಹೊಡೀತೀಯಲ್ಲ, ಅವಾಗ ಹೊದಿಕೆ ಎಳ್ಕೊಂಡು ಸೂಜಿ ತುದೀಲಿ ಪುಡಿ ತುಂಬಿ ಕೂಡಿಸಿ, ಮೇಲೆ ಬಣ್ಣ ಎಳೆದೆ. ಮಾರನೇ ದಿನ ಇನ್ನೊಂದು. ಎಲ್ಲಾ ಸೇರಿ ಹತ್ತೊಂಬತ್ತು. ಮೇಲಿನದ್ದಕ್ಕೆ ಮಂಚದ ಮೇಲೆ ಸ್ಟೂಲ್ ಇಟ್ಕೊಂಡು ಹತ್ತಿದೆ, ಈ ಕಾಲಲ್ಲಿ.”

ಎರಡು ವಾರ ಗೋಡೆ ಕೂಗಿ ಹೇಳುತ್ತಲೇ ಇತ್ತು. ಇವರು ದಿನಾ ಅದರ ಬಾಯಿ ಹೊಲಿದಿದ್ದಾರೆ.

“ಒಡೀಲಿ ಅಂತಾನೇ ಹಚ್ಚಿದ್ದು ಅತ್ತಿಗೆ.”

“ನಂಗೆ ಅಷ್ಟು ಗೊತ್ತಿಲ್ವಾ? ಗೊತ್ತು” ಎಂದರು. ಹೆಮ್ಮೆ ಇಳಿದು ಹೋಗಿತ್ತು. “ನೀನು ಬೆಳಿಗ್ಗೆ ಬಂದು ನೋಡುವಾಗ ನಿನ್ನ ಕೈ ನಡುಗ್ತಿತ್ತು. ನೋಡಿದ ಮೇಲೆ ನಿಲ್ತಿತ್ತು. ಇವನು ಒಂದು ದಿನ ಚೆನ್ನಾಗಿ ಮಲಗ್ಲಿ ಅಂತ ಮಾಡ್ದೆ. ಜನಾನೂ ಮಲಗ್ಲಿ ಅಂತ. ಹರಿದದ್ದು ಕಣ್ಣಿಗೆ ಬಿದ್ರೆ ನನ್ನ ಕೈ ಸುಮ್ನಿರಲ್ಲ.”

ಆಗ ನಾನು ಹೇಳಿದೆ. ಹೇಳಬೇಕು ಎಂದು ಆರು ತಿಂಗಳು ಅಂದುಕೊಂಡದ್ದು, ಯೋಚಿಸದೆಯೇ ಬಂತು. “ಗುಡ್ಡದಲ್ಲೂ ನಾನು ಮೊದ್ಲೇ ನೋಡಿದ್ದೆ. ತೊಟ್ಟಿ ಹತ್ರ. ಮೂರು ದಿನ ಮುಂಚೆ. ಅಣ್ಣನಿಗೆ ಬಿಟ್ರೆ ಯಾರಿಗೂ ಹೇಳ್ಲಿಲ್ಲ.”

ಅವರು ಕಾಲರನ್ನು ಮಡಿಸಿ ಪಕ್ಕಕ್ಕಿಟ್ಟರು. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡರು.

“ಗೊತ್ತು. ನಿಮ್ಮಣ್ಣ ಅವತ್ತೇ ಮಲಗುವಾಗ ಹೇಳಿದ್ರು, ನಗ್ತಾ. ನಾನೂ ನಕ್ಕಿದ್ದೆ.”

ಗೋಡೆಯೊಳಗೆ ಮರಳು ಇಳಿಯುತ್ತಿತ್ತು. ಈಗ ಅವರಿಗೂ ಕೇಳಿಸಿತು ಎಂದು ಅವರು ಕುತ್ತಿಗೆಯನ್ನು ಗೋಡೆಯ ಕಡೆ ವಾಲಿಸಿದ್ದರಿಂದ ಗೊತ್ತಾಯಿತು.

“ಎಷ್ಟು ಅಗಲ ಒಡೆದಿತ್ತು, ನೆನಪಿದೆಯಾ?”

“ನೆನಪಿರದೆ? ಮೊದ್ಲು ಕೂದಲು. ಆಮೇಲೆ ಹೊಲಿಗೆ ದಾರ. ಅದೇ ಜಾಗ ಮತ್ತೆ ಬಿಡ್ತು, ದಪ್ಪ ದಾರ. ನಿನ್ನೆ ಸೂಜಿ ಹೋಗ್ತಿತ್ತು.”

ಕೂದಲಿನಿಂದ ಸೂಜಿಗೆ, ಹತ್ತು ದಿನ. ನಾನು ಎದ್ದೆ.

ಸಾಹೇಬರು ಆಫೀಸು ಮೂಲೆಯಲ್ಲಿ ಕುರ್ಚಿಗಳನ್ನು ಎಣಿಸಿಕೊಳ್ಳುತ್ತಿದ್ದರು. ಎಲ್ಲ ಕೇಳಿಸಿಕೊಂಡರು. “ನಾಳೆ ಒಂದು ದಿನ ಕಳೀಲಿ ಅಜ್ಜ. ಭಾನುವಾರ ಇಂಜಿನಿಯರ್‌ನ ಕರೆಸ್ತೀನಿ. ಇವತ್ತು ನಾನು ಇಷ್ಟು ಜನರನ್ನ ಎಲ್ಲಿ ಹಾಕ್ಲಿ? ಬಿಲ್ಲೆ ಎಲ್ಲಾ ಸರಿಯಾಗೇ ಇದ್ಯಲ್ಲ, ನೀವೇ ನೋಡಿ.”

ಅದು ಸರಿಯಾಗಿ ಕಾಣುತ್ತಿತ್ತು. ಅದೇ ತೊಂದರೆ. ನಾನು ಗೋದಾಮಿನ ನಡುವೆ ನಿಂತು ಕೂಗಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನಾಲ್ಕು ಜನ ನಗುತ್ತಾರೆ, ನಲವತ್ತು ಜನ ಅವರನ್ನು ನೋಡಿ ನಗುತ್ತಾರೆ, ಸಂಜೆಯಾಗುತ್ತದೆ, ಏಳು ಮಂಚದವರು ಗೋಡೆ ಬುಡದಲ್ಲಿ ಮಲಗುತ್ತಾರೆ.

ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಚಿತ್ರದವರು, “ಸಾರ್, ನನ್ನ ಕೆಲಸ ಇನ್ನೂ ಮುಗಿದಿಲ್ಲ. ಈಗ ಮುಗಿಸ್ತೀನಿ. ಎಲ್ಲರನ್ನೂ ಕರೀರಿ” ಎಂದರು. ನಂತರ ನನ್ನ ಕಡೆ ತಿರುಗಿ ಮೆಲ್ಲಗೆ, “ಅವರು ಕೂಡಿಸಿದ್ದನ್ನ ಬಿಚ್ಚೋಕೆ ಆಗುತ್ತಾ ಅಜ್ಜ?” ಎಂದರು.

“ನಾನೇ ಕೆರೀತೀನಿ” ಎಂದೆ. ಎಲ್ಲಿ ಕೆರೆಯಲಿ? ನನ್ನ ಕಣ್ಣಿಗೆ ಆ ರಫು ಕಾಣುತ್ತಿರಲಿಲ್ಲ. ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಅದು ಗೊತ್ತಿದ್ದದ್ದು ಒಬ್ಬರಿಗೇ.

ಬಚ್ಚಲಿನ ದಾರಿಗೆ ಡ್ರೈವರನ ಕೈಲಿ ಕೈಗಾಡಿ ಅಡ್ಡ ಹಾಕಿಸಿದೆ. ಗೋಡೆಯ ಎತ್ತರ ಹದಿನೈದು ಅಡಿ. ಜನರನ್ನು ಮೂವತ್ತು ಅಡಿ ದೂರ, ಮುಂದಿನ ದೊಡ್ಡ ಬಾಗಿಲಿನ ಕಡೆ ನಿಲ್ಲಿಸಿದೆವು. ಹೊದಿಕೆಗಳನ್ನು ಸರಿಸಿದ್ದರಿಂದ ಗೋಡೆ ಪೂರ್ತಿ ಕಾಣುತ್ತಿತ್ತು. ಬೀದಿ ಕಾಣುತ್ತಿತ್ತು. ಗೋಡೆಯ ಬಳಿ ನಾವಿಬ್ಬರೇ, ಅತ್ತಿಗೆ ಮತ್ತು ಅವರ ತೋಳು ಹಿಡಿದುಕೊಂಡ ನಾನು. ಎಪ್ಪತ್ತು ದಾಟಿದವನಿಗೆ ಸಾವಿನ ಭಯ ಕಮ್ಮಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅತ್ತಿಗೆ ಸೆರಗಿನಿಂದ ಸೂಜಿ ತೆಗೆದರು. ದಿಂಬಿನ ಹಿಂದಿನ ನನ್ನ ಬಿಲ್ಲೆಯ ನಡುವೆ ತುದಿ ಇಟ್ಟು ಎಳೆದರು. ಬಿಳಿ ಪುಡಿ ಉದುರಿತು, ಕೆಳಗೆ ಕಪ್ಪು ಗೆರೆ ಕಾಣಿಸಿತು.

“ಇದು ಹೋದ ವಾರ ಮಂಗಳವಾರದ್ದು. ಕೂದಲಷ್ಟಿತ್ತು” ಎಂದರು, ಎಲ್ಲರಿಗೂ ಕೇಳುವ ಹಾಗೆ. “ಅದೇ ವಾರ ಶುಕ್ರವಾರ ಮತ್ತೆ ಬಿಟ್ಟಿತು. ಈಗ ನೋಡಿ.”

ಒಂದೊಂದೇ ಬಿಚ್ಚುತ್ತಾ ಹೋದರು. ಯಾವ ಮನೆಯದು, ಯಾವ ದಿನ, ಎಷ್ಟು ದಪ್ಪ. ಗಡಿಯಾರ. ಬೀಗದ ಕೈ. ಸ್ಟೇರಿಂಗು. ಪ್ರತಿ ಮನೆ ಸೀಳಿದಾಗ ದೂರದಲ್ಲಿ ಒಬ್ಬರ ಉಸಿರು ಕೇಳುತ್ತಿತ್ತು. ತೊಟ್ಟಿಲ ಕೊಂಡಿಯ ಮುಂದೆ ಅವರ ಕೈ ನಿಂತಿತು. ಹಿಂದಿನಿಂದ ಆ ಹುಡುಗಿಯೇ, “ಬಿಚ್ಚಿ ಅಜ್ಜಿ. ನಾನು ನೋಡ್ತಿದ್ದೀನಿ” ಎಂದಳು. ಬಿಚ್ಚಿದರು.

ಕೊನೆಗೆ ಅಣ್ಣನ ಮೊಣಕೈ. ನೀಲಿಯ ಮೇಲೆ ಸೂಜಿ ಇಟ್ಟು ಒತ್ತಿದರು. ಪುಡಿ ಉದುರಲಿಲ್ಲ. ಸೂಜಿ ಒಳಗೆ ಹೋಯಿತು, ಕಣ್ಣಿನ ತನಕ ಹೋಯಿತು, ಬೆರಳಿಂದ ಜಾರಿ ಪೂರ್ತಿ ಹೋಯಿತು. ಗೋಡೆಯೊಳಗೆ ಎಲ್ಲೋ ಆಳದಲ್ಲಿ ಇಟ್ಟಿಗೆಗೆ ತಾಗಿ ಟಿಣ್ ಎಂದಿತು. ಆಮೇಲೆ ಇನ್ನೂ ಕೆಳಗೆ, ಇನ್ನೊಂದು ಸಲ.

ಅರವತ್ತು ವರ್ಷದಲ್ಲಿ ಅತ್ತಿಗೆ ಒಂದು ಸೂಜಿ ಕಳೆದುಕೊಂಡವರಲ್ಲ. ತಮ್ಮ ಖಾಲಿ ಬೆರಳನ್ನು ನೋಡಿಕೊಂಡರು.

“ಬನ್ನಿ ಅತ್ತಿಗೆ” ಎಂದೆ.

ನಾನು ಕೂಗಬೇಕಾಗಲೇ ಇಲ್ಲ. ನಾವಿಬ್ಬರೂ ಬಾಗಿಲಿಗೆ ಬರುವ ಹೊತ್ತಿಗೆ ಡ್ರೈವರ ಒಂದೂ ತಮಾಷೆ ಮಾಡದೆ ಹಗ್ಗ ಬಿಚ್ಚುತ್ತಿದ್ದ. ಗೋಡೆಯ ಹತ್ತಿರದ ಸಾಮಾನು ಯಾರೂ ಮುಟ್ಟಕೂಡದು ಎಂದೆ, ಯಾರೂ ಮುಟ್ಟಲಿಲ್ಲ. ಉಳಿದದ್ದನ್ನು ಎತ್ತಿಕೊಂಡು ಒಬ್ಬರ ಹಿಂದೆ ಒಬ್ಬರು ಹೊರಟರು. “ಯಾರ ಪರ್ಮಿಷನ್ ಮೇಲೆ” ಎಂದು ಶುರು ಮಾಡಿದ ಸಾಹೇಬರು ಗೋಡೆಯನ್ನು ಇನ್ನೊಂದು ಸಲ ನೋಡಿ, ಮಾತು ಅಲ್ಲಿಗೇ ಬಿಟ್ಟು, ಮುದುಕಿಯೊಬ್ಬಳ ಟ್ರಂಕಿಗೆ ಹೆಗಲು ಕೊಟ್ಟರು.

ಲಾರಿಗಳು ನಿಲ್ಲುವ ಬಯಲಿನಲ್ಲಿ ಟಾರ್ಪಾಲು ಕಟ್ಟಿಕೊಂಡೆವು. ಶನಿವಾರ ಮೇಲಿನವರು ಬಂದರು, ಬಾಗಿಲಲ್ಲೇ ನಿಂತು ಸೀಳಿದ ಬೀದಿಯ ಫೋಟೋ ತೆಗೆಸಿಕೊಂಡು ಹೋದರು. ಚಿತ್ರದವರು ಇಂಜಿನಿಯರನನ್ನು ಹಿಡಿದು ತರಲು ಪಟ್ಟಣಕ್ಕೆ ಓಡಾಡಿದರು. ಆರನೆಯ ದಿನ ತಂದರು. ಅವನು ಬಚ್ಚಲಿಗೆ ಬರುವ ನೀರಿನ ಪೈಪು ಮುಚ್ಚಿಸಿದ, ಸುತ್ತ ಹಗ್ಗ ಕಟ್ಟಿಸಿದ, ನೋಡೋಣ ಎಂದು ಹೋದ.

ಗೋಡೆ ನಿಂತೇ ಇತ್ತು. ಏಳು ದಿನ. ಎಂಟು ದಿನ. ಟಾರ್ಪಾಲಿನಡಿ ಬಿಸಿಲು ಬೇಯಿಸುತ್ತಿತ್ತು. ಮಕ್ಕಳಿಗೆ ಕೆಮ್ಮು ಬಂತು. ಗೊಣಗಾಟ ಶುರುವಾಯಿತು.

“ಬಿರುಕಜ್ಜ, ಇಂಟರ್ವಲ್ ಎಷ್ಟು ಹೊತ್ತು?” ಎಂದ ಡ್ರೈವರ. ಜನ ನಕ್ಕರು. ಐವತ್ತು ವರ್ಷದ ಹಿಂದಿನ ನಗುವೇ ಅದು. ನನಗೆ ಅದರ ಗುರುತು ಚೆನ್ನಾಗಿದೆ.

ಒಂದು ಮಾತು ಹೇಳಿಬಿಡುತ್ತೇನೆ. ಆ ಎಂಟು ದಿನದಲ್ಲಿ ನನಗೆ ಬೇರೆಯದೊಂದು ಹೆದರಿಕೆ ಬಂತು. ಗೋಡೆ ಬೀಳದಿದ್ದರೆ ಎಂದು. ಬಯಲಿನ ಅಂಚಿನಲ್ಲಿ ಕೂತು, ಬೀಳು, ಬೀಳು ಎಂದು ಆ ಗೋಡೆಗೆ ಮನಸ್ಸಿನಲ್ಲೇ ಹೇಳುತ್ತಿದ್ದೆ. ಬದುಕಿಡೀ ಗೋಡೆ ನಿಲ್ಲಿಸಿದವನು ನಾನು. ನಾಚಿಕೆಯಾಗಿ ಅತ್ತಿಗೆಗೆ ಹೇಳಿದೆ.

“ಬೀಳದೇ ಇದ್ರೆ ನಗ್ತಾರೆ, ಅಷ್ಟೇ ತಾನೇ?” ಎಂದರು ಅವರು. ಹೊಸ ಸೂಜಿಗೆ ದಾರ ಹಾಕುತ್ತಿದ್ದರು. “ನಗಲಿ. ನಗೋಕೆ ಇದ್ದಾರಲ್ಲ.”

ಒಂಬತ್ತನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ, ನಾವು ನೀರಿನ ಟ್ಯಾಂಕರಿಗೆ ಸಾಲು ನಿಂತಿದ್ದಾಗ, ಲಾರಿ ಬಂದ ಹಾಗೆ ಸದ್ದಾಯಿತು. ಎಲ್ಲರೂ ಮಾತು ನಿಲ್ಲಿಸಿದರು. ಲಾರಿ ಇರಲಿಲ್ಲ. ಗೋದಾಮಿನ ಹಿಂದಿನಿಂದ ಕೆಂಪು ಧೂಳು ಎದ್ದಿತು, ತಗಡಿನ ಮಾಡು ಒಂದು ಕಡೆ ಬಾಗಿ, ನಿಧಾನವಾಗಿ, ದಣಿದವರು ಕೂತುಕೊಂಡ ಹಾಗೆ ಕೂತಿತು. ಜನ ಒಬ್ಬರ ತೋಳನ್ನು ಒಬ್ಬರು ಹಿಡಿದುಕೊಂಡಿದ್ದರು. ನಾನು ಬಯಸಿದ್ದೇ ಆಗಿತ್ತು. ನನಗೆ ವಾಂತಿ ಬಂತು.

ಸಾಹೇಬರು ಪಟ್ಟಿ ಹಿಡಿದು ಓಡಿ ಬಂದರು. ಎರಡು ಹೆಸರು ಕೂಗುವಷ್ಟರಲ್ಲಿ ಸಾಲು ತಪ್ಪಿ, ಕಾಗದವನ್ನು ಅತ್ತಿಗೆಯ ಕೈಗೆ ಕೊಟ್ಟರು. ಅತ್ತಿಗೆಗೆ ಓದಲು ಬರುವುದಿಲ್ಲ. ಅವರು ಸಾಲಿನ ಉದ್ದಕ್ಕೂ ಕುಂಟುತ್ತಾ ಹೋಗಿ, ಒಬ್ಬೊಬ್ಬರ ಹೆಗಲು ಮುಟ್ಟಿ ಎಣಿಸಿದರು. ಬೀದಿಯ ಕ್ರಮದಲ್ಲೇ, ಕೆಳಗಿನ ಮನೆಯಿಂದ ಮೇಲಿನ ಮನೆಗೆ. ಡ್ರೈವರನ ಹೆಗಲು ಮುಟ್ಟಿದಾಗ ಅವನು ಅವರ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ಕೊನೆಗೆ ನನ್ನ ಹತ್ತಿರ ಬಂದು ನನ್ನನ್ನು ಮುಟ್ಟಿದರು, ಆಮೇಲೆ ತಮ್ಮ ಎದೆ ಮುಟ್ಟಿಕೊಂಡರು.

“ನೂರ ಅರವತ್ಮೂರು” ಎಂದರು. ಮತ್ತೆ ಎಣಿಸಿ ಎಂದು ಯಾರೂ ಹೇಳಲಿಲ್ಲ. ಆದರೂ ಅವರು ಇನ್ನೊಂದು ಸಲ ಎಣಿಸಿದರು.

ಈಗ ನಮಗೆ ಸಾಲಾಗಿ ಕೋಣೆಗಳನ್ನು ಕೊಟ್ಟಿದ್ದಾರೆ. ಹೊಸ ಗೋಡೆ, ಹೊಸ ಸುಣ್ಣ. ಮೊದಲ ದಿನವೇ ಅತ್ತಿಗೆ ಒಂದು ಬಟ್ಟಲಲ್ಲಿ ಬಿಳಿ ಪುಡಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. ಚಿತ್ರದವರು ಹೋಗುವಾಗ ಚೀಲ ಅವರಿಗೇ ಬಿಟ್ಟು ಹೋಗಿದ್ದರು.

“ಬಾ, ನನ್ನ ಕೋಣೆ ಮೂಲೇಲಿ ಒಂದು ಗೆರೆ ಇದೆ. ಹಚ್ಚು.”

ಹೋಗಿ ನೋಡಿದೆ. ಗಿಲಾವಿನ ಕೂದಲು ಬಿರುಕು, ಏನೂ ಅಲ್ಲ. ಆದರೂ ಹಚ್ಚಿದೆ. ತೆಳ್ಳಗೆ, ಅರ್ಧ ಈ ಕಡೆ, ಅರ್ಧ ಆ ಕಡೆ.

“ಮುಟ್ಟಬೇಡಿ ಮತ್ತೆ” ಎಂದೆ.

“ಮುಟ್ಟಲ್ಲ” ಎಂದರು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ನನ್ನ ಚಪ್ಪಲಿಯೂ ಕಾಲಲ್ಲೇ ಇತ್ತು, ಅವರದೂ ಇತ್ತು.